ಗನ್ನಿನ ಬೆನ್ನಿಗೆ ಯಾವ ಬಲ?

ಶಿರಾಡಿ ಘಾಟಿಯಲ್ಲಿ ಮಾರನಹಳ್ಳಿ ದಾಟಿ ಗುಂಡ್ಯದ ಕಡೆಗೆ ಇಳಿಯುವಾಗ ಕಾರಿನ ಹಿಂದಿನ ಎಡಚಕ್ರ ಪಂಚರ್ ಆಯಿತು. ಸಂಜೆ ಆರೂವರೆ, ಮಳೆ ಆಗಷ್ಟೇ ನಿಂತಿತ್ತು. ಜಾಕಿ ಇತ್ತು, ಸ್ಟೆಪ್ನಿಯಲ್ಲಿ ಗಾಳಿ ಇತ್ತು, ಕಾರಿನ ಜತೆಗೇ ಬಂದ ಎಲ್ ಆಕಾರದ ವೀಲ್ ಸ್ಪ್ಯಾನರ್ ಇತ್ತು. ಅರ್ಧ ಗಂಟೆಯ ಕೆಲಸ ಎಂದುಕೊಂಡು ಮೊದಲ ನಟ್ಟಿಗೆ ಸ್ಪ್ಯಾನರ್ ಕೂರಿಸಿ ಒತ್ತಿದೆ. ಅಲುಗಲಿಲ್ಲ. ಕಾಲಿನಿಂದ ತುಳಿದೆ. ಕೊನೆಗೆ ಕಾರಿನ ಮೇಲಂಚು ಹಿಡಿದುಕೊಂಡು ಸ್ಪ್ಯಾನರಿನ ತುದಿಯ ಮೇಲೆ ನಿಂತೇಬಿಟ್ಟೆ. ನಟ್ಟು ಇದ್ದಲ್ಲೇ ಇತ್ತು.

ಹಿಂದೆ ಬರುತ್ತಿದ್ದ ಲಾರಿಯವರು ನಿಲ್ಲಿಸಿದರು. "ಗನ್ನಲ್ಲಿ ಟೈಟ್ ಮಾಡ್ಸಿದ್ರಾ ಸಾರ್?" ಎಂದು ಕೇಳಿದ ಚಾಲಕರು ಉತ್ತರಕ್ಕೆ ಕಾಯದೆ ಕ್ಯಾಬಿನ್ನಿನಿಂದ ಮೂರಡಿಯ ಕಬ್ಬಿಣದ ಪೈಪು ತಂದು ಸ್ಪ್ಯಾನರಿನ ಹಿಡಿಗೆ ತೊಡಿಸಿದರು. ನಾಲ್ಕು ನಟ್ಟುಗಳು ಕಿರುಚಿಕೊಂಡು ಸಡಿಲವಾದವು. ಐದನೆಯದು ಬಿಡಲೇ ಇಲ್ಲ. ಪೈಪಿಗೆ ಇನ್ನಷ್ಟು ಭಾರ ಬಿದ್ದಾಗ 'ಪಟ್' ಎಂದು ನಟ್ಟು ಕೂತಿದ್ದ ಸ್ಟಡ್ಡೇ ತುಂಡಾಯಿತು. ಉಳಿದ ನಾಲ್ಕರ ಮೇಲೆ ಮೂವತ್ತು-ನಲವತ್ತರ ವೇಗದಲ್ಲಿ ನೆಲ್ಯಾಡಿ ಮುಟ್ಟಿದೆವು.

ಆ ರಾತ್ರಿ ಲೆಕ್ಕ ಹಾಕಿದೆ. ನನ್ನ ತೂಕ 65 ಕಿಲೋ. ಸ್ಪ್ಯಾನರಿನ ಹಿಡಿ ಒಂದಡಿ, ಎಂದರೆ ಸುಮಾರು 30 ಸೆಂಟಿಮೀಟರ್. ತುದಿಯಲ್ಲಿ ನಿಂತಾಗ ನಟ್ಟಿನ ಮೇಲೆ ಬೀಳುವ ತಿರುಚು ಬಲ, ಗ್ಯಾರೇಜಿನವರು ಟಾರ್ಕ್ ಎನ್ನುವುದು, ಹತ್ತಿರ ಹತ್ತಿರ 190 ನ್ಯೂಟನ್ ಮೀಟರ್. ಕಾರಿನ ಕೈಪಿಡಿಯಲ್ಲಿ ಬರೆದಿದ್ದದ್ದು 110. ಒಂದಿಷ್ಟು ತುಕ್ಕಿನ ಪಾಲೂ ಇದ್ದೀತು, ಒಪ್ಪೋಣ. ಆದರೆ ಅದಕ್ಕೆ ಮೂರು ವಾರ ಹಿಂದೆ ಒಂದು ಅಂಗಡಿಯಲ್ಲಿ ಟೈರ್ ಅದಲುಬದಲು ಮಾಡಿಸಿದ್ದೆ. ಹುಡುಗ ಏರ್ ಗನ್ ಹಿಡಿದು ಒಂದೊಂದು ನಟ್ಟಿನ ಮೇಲೂ ಐದಾರು ಸೆಕೆಂಡು ಟರ್ರ್ ಎನ್ನಿಸಿದ್ದು ಚೆನ್ನಾಗಿ ನೆನಪಿದೆ. ಎಷ್ಟು ಬಿಗಿಯಾಗಿ ಕೂತಿತು ಎಂದು ಆಗ ಖುಷಿಪಟ್ಟಿದ್ದೆ.

ಇಂಪ್ಯಾಕ್ಟ್ ರೆಂಚ್ ಎಂಬ ಹೆಸರು ಡಬ್ಬಿಯ ಮೇಲೆ ಮಾತ್ರ. ಅಂಗಡಿಯಲ್ಲಿ ಅದು ಬರೀ 'ಗನ್ನು'. ಆ ಘಟನೆಯ ನಂತರ ಎಲ್ಲೇ ಗನ್ನಿನ ಸದ್ದು ಕೇಳಿದರೂ ನಿಂತು ನೋಡುವ ಅಭ್ಯಾಸವಾಗಿದೆ. ಇದರ ನಡುವೆ ಸಣ್ಣ ಗ್ಯಾರೇಜು ಶುರು ಮಾಡಲು ಹೊರಟ ನೆಂಟರ ಹುಡುಗನೊಬ್ಬ, "ಮಾವ, ಗಾಳಿದು ತಗೊಳ್ಳಲೋ, ಕರೆಂಟಿಂದೋ, ಬ್ಯಾಟರಿದೋ?" ಎಂದು ಕೇಳಿದ. ಕೈಯಲ್ಲಿ ಎರಡು-ಮೂರು ಕಂಪನಿಯ ಪಟ್ಟಿ ಇತ್ತು, ಎಲ್ಲದರಲ್ಲೂ ಟಾರ್ಕ್ ಅಂಕಿಗೆ ಕೆಂಪು ಗುರುತು ಹಾಕಿಕೊಂಡಿದ್ದ. ಆ ಅಂಕಿಯನ್ನು ಕೊನೆಗೆ ನೋಡು ಎಂದೆ. ಗನ್ನು ಕೊಳ್ಳುವವನು ನಿಜವಾಗಿ ಕೊಳ್ಳುವುದು ಅದರ ಬೆನ್ನಿಗಿರುವ ಬಲವನ್ನು: ಒಂದು ಟ್ಯಾಂಕು, ಒಂದು ಪ್ಲಗ್ಗು ಅಥವಾ ಒಂದು ಬ್ಯಾಟರಿ. ಮುಂದಿನ ಖರ್ಚು, ರಿಪೇರಿ, ತೊಂದರೆ ಎಲ್ಲವೂ ಹುಟ್ಟುವುದು ಅಲ್ಲಿ.

ಮೂರರ ಹೊಟ್ಟೆಯೊಳಗಿನ ತತ್ವ ಮಾತ್ರ ಒಂದೇ. ಹಾಸನದ ಒಂದು ಗ್ಯಾರೇಜಿನಲ್ಲಿ ಕೆಟ್ಟ ಗನ್ನೊಂದನ್ನು ಮೇಸ್ತ್ರಿ ಬಿಚ್ಚಿ ಹಳೇ ಪೇಪರಿನ ಮೇಲೆ ಹರವಿದ್ದರು. ಮೋಟರು, ಅದರ ಮುಂದೆ ಮುಷ್ಟಿ ಗಾತ್ರದ ಉಕ್ಕಿನ ತುಂಡು, ಅದರ ಮುಂದೆ ಎರಡು ಕಿವಿಯ ಒಂದು ದಂಡ. ಉಕ್ಕಿನ ತುಂಡಿಗೆ ಹ್ಯಾಮರ್ ಎಂದೇ ಹೆಸರು, ದಂಡಕ್ಕೆ ಆನ್ವಿಲ್. ಕುಲುಮೆಯ ಸುತ್ತಿಗೆ ಮತ್ತು ಅಡಿಗಲ್ಲು ಎಂದರೆ ಸರಿಯಾಗಿ ಅದೇ ಜೋಡಿ. ಮೋಟರು ಸುತ್ತಿಗೆಯನ್ನು ಬಿಡುಬೀಸಾಗಿ ತಿರುಗಿಸಿ ವೇಗ ತುಂಬಿಸುತ್ತದೆ, ಅದು ಅಡಿಗಲ್ಲಿನ ಕಿವಿಗೆ ಬಡಿಯುತ್ತದೆ, ಜಾರಿ ತಪ್ಪಿಸಿಕೊಂಡು ಮತ್ತೆ ವೇಗ ತೆಗೆದುಕೊಂಡು ಮತ್ತೆ ಬಡಿಯುತ್ತದೆ. ನಿಮಿಷಕ್ಕೆ ಸಾವಿರದಿಂದ ಮೂರು ಸಾವಿರ ಪೆಟ್ಟು. ಒಂದೊಂದು ಪೆಟ್ಟೂ ಕಣ್ಣು ಮಿಟುಕಿಸುವಷ್ಟು ಹೊತ್ತೂ ಇರುವುದಿಲ್ಲವಾದ್ದರಿಂದ ಹಿಡಿದವನ ಮಣಿಕಟ್ಟಿಗೆ ಅದರ ತಿರುಗೇಟು ಹೆಚ್ಚು ತಾಗದು. 600 ನ್ಯೂಟನ್ ಮೀಟರನ್ನು ಒಂದೇ ಸಮನೆ ಕೊಡುವ ಮೋಟರನ್ನು ಬರಿಗೈಯಲ್ಲಿ ಹಿಡಿದರೆ ನಟ್ಟಿನ ಬದಲು ಕೈಯೇ ತಿರುಗಿಹೋಗುತ್ತದೆ. 1930ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡ ಈ ಉಪಾಯ ಇಂದಿಗೂ ಮೂಲದಲ್ಲಿ ಬದಲಾಗಿಲ್ಲ.

ಗಾಳಿಯ ಗನ್ನನ್ನು ನೋಡಬೇಕೆಂದರೆ ಹೆದ್ದಾರಿಗೆ ಹೋಗಬೇಕು. ಹಿರಿಯೂರು ಬೈಪಾಸಿನ ಪಕ್ಕದ ಲಾರಿ ಟೈರ್ ಅಂಗಡಿಯೊಂದರಲ್ಲಿ ಒಂದು ಮಧ್ಯಾಹ್ನ ಪೂರ್ತಿ ಕೂತಿದ್ದೆ. ಹೆದ್ದಾರಿಯ ಅನೇಕ ಪಂಚರ್ ಅಂಗಡಿಗಳಂತೆ ಇದರ ಮಾಲೀಕರೂ ಕೇರಳದ ಕಡೆಯವರು. ಚಾಲಕರಿಗೆಲ್ಲ ಅವರು 'ಕಾಕಾ'. ಲಾರಿಯ ಒಂದು ಚಕ್ರಕ್ಕೆ ಹತ್ತು ನಟ್ಟು, ಒಂದೊಂದಕ್ಕೂ ಸುಮಾರು 600 ನ್ಯೂಟನ್ ಮೀಟರ್ ಬಿಗಿ. ಸಾಕೆಟ್ ಕೂರುವ ತುದಿ ಒಂದಿಂಚಿನದಾದ ಅವರ ಗನ್ನನ್ನು ಎತ್ತಿ ನೋಡಿದೆ, ಹತ್ತು ಕಿಲೋ ಅಕ್ಕಿ ಚೀಲ ಎತ್ತಿದ ಹಾಗಾಯಿತು. ಅದನ್ನು ತೊಡೆಯ ಮೇಲೆ ಊರಿಕೊಂಡು, ನಟ್ಟಿಗೆ ಸಾಕೆಟ್ ತೊಡಿಸಿ, ಕಾಕಾ ಟ್ರಿಗರ್ ಒತ್ತಿದರು. ಮೂರು-ನಾಲ್ಕು ಸೆಕೆಂಡಿಗೆ ಒಂದು ನಟ್ಟು. ದಿನಕ್ಕೆ ಹತ್ತಿಪ್ಪತ್ತು ಚಕ್ರ ಬಿಚ್ಚಿ ಹಾಕುವವರಿಗೆ ಇದಕ್ಕೆ ಸಾಟಿಯಾದ ಸಾಧನ ಇನ್ನೂ ಬಂದಿಲ್ಲ ಎಂದೇ ನನಗನ್ನಿಸುತ್ತದೆ.

ಅದಕ್ಕೆ ಕಾರಣವಿದೆ. ಏರ್ ಗನ್ನಿನಲ್ಲಿ ತಾಮ್ರದ ಸುರುಳಿ ಇಲ್ಲ, ಕಾರ್ಬನ್ ಬ್ರಷ್ ಇಲ್ಲ, ಸುಟ್ಟುಹೋಗುವಂಥದ್ದು ಏನೂ ಇಲ್ಲ. ಒಂದು ರೋಟರು, ಅದರ ಸೀಳುಗಳಲ್ಲಿ ಕೂತ, ಬ್ಲೇಡ್ ಎನ್ನುವ ತೆಳುವಾದ ಹಲಗೆಗಳು, ಅಷ್ಟೆ. ನಟ್ಟು ಬಿಡದೆ ಮೋಟರು ನಿಂತೇಹೋದರೂ ಅದಕ್ಕೆ ಹಾನಿಯಿಲ್ಲ. ಹೊರಬೀಳುವ ಗಾಳಿ ಹಿಗ್ಗಿ ತಣ್ಣಗಾಗುವುದರಿಂದ ಗನ್ನು ತನ್ನನ್ನು ತಾನೇ ತಂಪಾಗಿಟ್ಟುಕೊಳ್ಳುತ್ತದೆ. ಫಾರ್ಮುಲಾ ಒನ್ನಿನಲ್ಲಿ ಚಕ್ರಕ್ಕೆ ಒಂದೇ ನಟ್ಟು ನಿಜ, ಆದರೆ 2023ರ ಕತಾರ್ ರೇಸಿನಲ್ಲಿ ಮೆಕ್‌ಲಾರೆನ್ ತಂಡ ನಾಲ್ಕೂ ಚಕ್ರಗಳನ್ನು 1.80 ಸೆಕೆಂಡಿನಲ್ಲಿ ಬದಲಿಸಿತಲ್ಲ, ಆ ಗನ್ನುಗಳು ಕೂಡ ಒತ್ತಡಕ್ಕೆ ಒಳಪಡಿಸಿದ ಅನಿಲದಿಂದಲೇ ಓಡುವಂಥವು.

ಆದರೆ ಏರ್ ಗನ್ನು ಕೊಳ್ಳುವುದು ಸುಲಭ, ಅದಕ್ಕೆ ಗಾಳಿ ಉಣಿಸುವುದು ಕಷ್ಟ. ಡಬ್ಬಿಯ ಮೇಲೆ ಬರೆದ ಟಾರ್ಕು ಗನ್ನಿನ ಬಾಯಲ್ಲಿ 90 ಪಿಎಸ್‌ಐ ಒತ್ತಡ ಇದ್ದಾಗಿನ ಮಾತು. ಜತೆಗೆ 'ಗಾಳಿ ಬಳಕೆ ನಿಮಿಷಕ್ಕೆ 4-5 ಘನ ಅಡಿ' ಎಂದು ಇರುತ್ತದೆ. ಅದು ಸರಾಸರಿ, ನಿಮಿಷದಲ್ಲಿ ಕೆಲವೇ ಸೆಕೆಂಡು ಟ್ರಿಗರ್ ಒತ್ತುತ್ತೀರಿ ಎಂದು ಇಟ್ಟುಕೊಂಡು ಹಾಕಿದ ಲೆಕ್ಕ. ಒತ್ತಿ ಹಿಡಿದರೆ ಅರ್ಧ ಇಂಚಿನ ಗನ್ನು ನಿಮಿಷಕ್ಕೆ 20 ಘನ ಅಡಿಯ ದರದಲ್ಲಿ ಗಾಳಿ ಕುಡಿಯುತ್ತದೆ. ಒಂದು ಎಚ್‌ಪಿ ಕಂಪ್ರೆಸರ್ ನಿಮಿಷಕ್ಕೆ ಕೊಡುವುದು ಮೂರೂವರೆ, ಹೆಚ್ಚೆಂದರೆ ನಾಲ್ಕು. ಉಳಿದದ್ದು ಟ್ಯಾಂಕಿನ ಉಳಿತಾಯದಿಂದ ಬರಬೇಕು. 150 ಲೀಟರಿನ ಟ್ಯಾಂಕು 120 ಪಿಎಸ್‌ಐಯಿಂದ 90ಕ್ಕೆ ಇಳಿಯುವಷ್ಟರಲ್ಲಿ ಕೊಡುವ ಗಾಳಿ ಸುಮಾರು 300 ಲೀಟರ್, ಹತ್ತೂವರೆ ಘನ ಅಡಿ. ಅಂದರೆ ಒತ್ತಿ ಹಿಡಿದ ಟ್ರಿಗರಿಗೆ ಅರ್ಧ ನಿಮಿಷದ ದಾರಿ. ಕಾರಿನ ಒಂದು ಚಕ್ರಕ್ಕೆ ಧಾರಾಳ, ನಾಲ್ಕು ಚಕ್ರಕ್ಕೆ ನಡುವೆ ಕಾಯಬೇಕು. ಪಂಚರ್ ಅಂಗಡಿಯಲ್ಲಿ ಟೈರಿಗೆ ಗಾಳಿ ಹಾಕಲು ಇಟ್ಟ ಪುಟ್ಟ ಕಂಪ್ರೆಸರಿಗೆ ಗನ್ನು ಸಿಕ್ಕಿಸಿ, "ಈ ಗನ್ನು ಸುಖ ಇಲ್ಲ ಸಾರ್" ಎನ್ನುವವರನ್ನು ಎಷ್ಟೋ ಕಡೆ ಕಂಡಿದ್ದೇನೆ. ಹಸಿದ ಎತ್ತನ್ನು ಹೂಡಿ ನೊಗವನ್ನು ಬೈದ ಹಾಗೆ ಅದು.

ಪೈಪಿನದೂ ಇದೇ ಕಥೆ. ಗನ್ನು ನಿಂತಾಗ ಮೀಟರು 90 ತೋರಿಸುತ್ತದೆ. ಓಡಿದಾಗ, ಸಣ್ಣ ಕೊರೆಯ ಉದ್ದನೆಯ ಪೈಪಿನಲ್ಲಿ, ಅದು 60ಕ್ಕೂ ಇಳಿಯಬಹುದು. ಒಳಗಿನ ಅಗಲ ಕಡಿಮೆಯೆಂದರೂ 10 ಮಿಲಿಮೀಟರ್ ಇರಲಿ, ಲಾರಿಯ ಗನ್ನಿಗೆ ಅದಕ್ಕಿಂತ ದೊಡ್ಡದು. ಇನ್ನು ನೀರು. ಗಾಳಿಯನ್ನು ಹಿಂಡಿದರೆ ಅದರ ತೇವ ಟ್ಯಾಂಕಿನ ತಳಕ್ಕಿಳಿಯುತ್ತದೆ. ಮಂಗಳೂರು, ಉಡುಪಿಯ ಮಳೆಗಾಲದಲ್ಲಂತೂ ಹೇಳುವುದೇ ಬೇಡ. ಆ ನೀರು ಪೈಪಿನಲ್ಲಿ ಹರಿದು ಗನ್ನಿನ ಹೊಟ್ಟೆಗೆ ಹೋದರೆ ತುಕ್ಕು. ಕಾಕಾ ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಗನ್ನಿನ ಗಾಳಿಬಾಯಿಗೆ ನಾಲ್ಕು ಹನಿ ತೆಳು ಎಣ್ಣೆ ಬಿಡುತ್ತಾರೆ. ಸಂಜೆ ಟ್ಯಾಂಕಿನ ಅಡಿಯ ಕೊಳಾಯಿ ತಿರುವುತ್ತಾರೆ. ನಾನು ಕೂತಿದ್ದ ದಿನ ಬುಸ್ಸೆನ್ನುತ್ತ ಒಂದು ಲೋಟದಷ್ಟು ನೀರು ಬಂತು, ಬಣ್ಣ ಚಹಾದಂತೆ. "ಏಳು ವರ್ಷ ಆಯ್ತು ಸಾರ್ ಈ ಗನ್ನಿಗೆ. ಎರಡು ಸಲ ಬ್ಲೇಡ್ ಬದಲಿಸಿದ್ದೇನೆ, ಮತ್ತೇನಿಲ್ಲ" ಎಂದರು.

ಒಂದು ನಿಜವನ್ನು ಮುಚ್ಚಿಡಬಾರದು: ಗಾಳಿ ದುಬಾರಿ ಇಂಧನ. ಕಂಪ್ರೆಸರ್ ತಿಂದ ವಿದ್ಯುತ್ತಿನಲ್ಲಿ ಸಾಧನದ ತುದಿಗೆ ಕೆಲಸವಾಗಿ ಮುಟ್ಟುವುದು ನೂರಕ್ಕೆ 10ರಿಂದ 15 ಪಾಲು. ಉಳಿದದ್ದು ಬಿಸಿಯಾಗಿ, ಸೋರಿಕೆಯಾಗಿ ಹೋಗುತ್ತದೆ. ಟೈರಿಗೆ ಗಾಳಿ ಹಾಕಲು, ಧೂಳು ಊದಲು ಹೇಗೂ ಕಂಪ್ರೆಸರ್ ಬೇಕಾದವರಿಗೆ ಈ ನಷ್ಟ ದೊಡ್ಡದಲ್ಲ. ಬರೀ ಗನ್ನಿಗೋಸ್ಕರ ಕಂಪ್ರೆಸರ್ ತರುವವರು ಎರಡು ಸಲ ಯೋಚಿಸಲಿ.

ಕರೆಂಟಿನ ಗನ್ನಿನ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಪ್ಲಗ್ ಹಾಕಿ, ಒತ್ತಿ. 800-900 ವಾಟಿನದು 230 ವೋಲ್ಟಿನಲ್ಲಿ ನಾಲ್ಕು ಆಂಪಿಯರ್ ಎಳೆಯುತ್ತದೆ, ಮನೆಯ ಸಾಮಾನ್ಯ ಸಾಕೆಟ್ಟೇ ಸಾಕು. ಚಾರ್ಜಿಗೆ ಕಾಯುವುದಿಲ್ಲ, ಟ್ಯಾಂಕು ತುಂಬಲು ಕಾಯುವುದಿಲ್ಲ. ಶೀಟಿನ ಶೆಡ್ಡು ಕಟ್ಟುವವರು, ಫ್ಯಾಬ್ರಿಕೇಶನ್ ಅಂಗಡಿಯವರು ಒಂದೇ ಜಾಗದಲ್ಲಿ ನಿಂತು ನೂರಾರು ಬೋಲ್ಟು ಬಿಗಿಸುವಾಗ ಇದು ನಿಷ್ಠೆಯಿಂದ ದುಡಿಯುತ್ತದೆ. ಇದರ ಶತ್ರು ತೆಳು ವೈರು. ಐವತ್ತು ಅಡಿಯ ಅಗ್ಗದ ಎಕ್ಸ್‌ಟೆನ್ಶನ್ ಎಳೆದು, ಅದರಲ್ಲೂ ಸಂಜೆ ಹೊತ್ತು ವೋಲ್ಟೇಜು ಇಳಿಯುವ ಊರಿನಲ್ಲಿ ಓಡಿಸಿದರೆ, ಪೆಟ್ಟು ಸೊರಗುತ್ತದೆ, ಬಿಡದ ನಟ್ಟಿನ ಮೇಲೆ ಟ್ರಿಗರ್ ಒತ್ತಿಹಿಡಿದು ಹಿಡಿದು ಆರ್ಮೇಚರ್, ಎಂದರೆ ಮೋಟರಿನ ತಿರುಗುವ ಸುರುಳಿ, ಸುಟ್ಟ ವಾಸನೆ ಬರಲು ಶುರುವಾಗುತ್ತದೆ. ಕಾರ್ಬನ್ ಸವೆದರೆ ಬದಲಿಸುವುದು ಸುಲಭ. ಆರ್ಮೇಚರ್ ಸುಟ್ಟರೆ ಹೊಸ ಗನ್ನಿನ ಅರ್ಧ ಬೆಲೆ ಕೈಬಿಡುತ್ತದೆ. ವಾಟರ್ ಸರ್ವಿಸ್ ಮಾಡುವ ಒದ್ದೆ ನೆಲದ ಮೇಲೆ ಮಾತ್ರ ಇದನ್ನು ದಯವಿಟ್ಟು ಬಳಸಬೇಡಿ. ಅಲ್ಲಿ ಗಾಳಿ ಅಥವಾ ಬ್ಯಾಟರಿಯೇ ಸರಿ.

ಕಳೆದ ಕೆಲವು ವರ್ಷಗಳಲ್ಲಿ ಎಲ್ಲವನ್ನೂ ಅಲುಗಿಸಿದ್ದು ಬ್ಯಾಟರಿ ಗನ್ನು. ಸ್ಕೂಟರಿನ ಮುಂದೆ ಒಂದು ಚೀಲ ಇಟ್ಟುಕೊಂಡು, ಫೋನ್ ಬಂದಲ್ಲಿಗೆ ಹೋಗಿ ಪಂಚರ್ ಹಾಕುವ ಯುವಕರು ಬೆಂಗಳೂರು, ಮೈಸೂರಿನಲ್ಲಿ ಈಗ ಎಷ್ಟೋ ಮಂದಿ. ಅವರ ಬದುಕಿಗೆ ಕಾಲು ಕೊಟ್ಟದ್ದೇ ಈ ಗನ್ನು. ಪಾವಗಡದ ಸೋಲಾರ್ ಪಾರ್ಕು 13 ಸಾವಿರ ಎಕರೆ. ಅಂಥ ಬಯಲಿನಲ್ಲಿ ಚೌಕಟ್ಟಿನ ಬೋಲ್ಟು ಬಿಗಿಸುವವನು ಎಲ್ಲಿಂದ ವೈರು ಎಳೆದಾನು, ಎಲ್ಲಿಗೆ ಕಂಪ್ರೆಸರ್ ಹೊತ್ತಾನು? ಒಳ್ಳೆಯ 18 ವೋಲ್ಟಿನ ಅರ್ಧ ಇಂಚಿನ ಗನ್ನು, ಕಾರ್ಬನ್ ಬ್ರಷ್ ಇಲ್ಲದ ಬ್ರಷ್‌ಲೆಸ್ ಮೋಟರಿನದು, ಇಂದು ಕಾರು-ಜೀಪುಗಳ ಯಾವ ನಟ್ಟಿಗೂ ಹೆದರುವುದಿಲ್ಲ.

ಕೊಳ್ಳುವವರು ಮೋಸಹೋಗುವುದೂ ಇಲ್ಲಿಯೇ ಹೆಚ್ಚು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ, ಆನ್‌ಲೈನಿನಲ್ಲಿ, '48 ವಿಎಫ್', '88 ವಿಎಫ್', '128 ವಿಎಫ್' ಎಂದು ದಪ್ಪಕ್ಷರದಲ್ಲಿ ಬರೆದ ಗನ್ನುಗಳು ರಾಶಿ ಬಿದ್ದಿವೆ. ವಿ ಅಕ್ಷರದ ನಂತರ ಎಫ್ ಬಂದರೆ ಅದು ವೋಲ್ಟ್ ಅಲ್ಲ, ಬರಿಯ ಮಾದರಿ ಸಂಖ್ಯೆ. ಒಳಗಿರುವುದು ಹೆಚ್ಚಾಗಿ ಅದೇ ಐದು ಸೆಲ್ಲುಗಳ ಸಾಲು. ಒಂದೊಂದು ಲಿಥಿಯಂ ಸೆಲ್ಲು 3.6 ವೋಲ್ಟ್, ಐದಕ್ಕೆ 18. ಪೂರ್ತಿ ಚಾರ್ಜ್ ಆದಾಗ ಇದೇ ಸಾಲು 20-21 ತೋರಿಸುವುದರಿಂದ ಕೆಲವು ಕಂಪನಿಗಳು '20 ವೋಲ್ಟ್ ಮ್ಯಾಕ್ಸ್' ಎನ್ನುತ್ತವೆ. 18ಕ್ಕೂ ಅದಕ್ಕೂ ಏನೂ ಭೇದವಿಲ್ಲ. ನೋಡಬೇಕಾದ್ದು ವಾಟ್-ಅವರ್ ಅಂಕಿ: 18 ವೋಲ್ಟ್, 5 ಆಂಪಿಯರ್-ಅವರ್ ಎಂದರೆ 90 ವಾಟ್-ಅವರ್. ಪ್ಯಾಕಿನ ಬೆನ್ನಲ್ಲಿ ಆ ಅಂಕಿಯೇ ಇಲ್ಲದಿದ್ದರೆ ಅಲ್ಲಿಗೇ ಬಿಟ್ಟುಬಿಡಿ. ಟಾರ್ಕಿನಲ್ಲೂ ಎರಡು ಬಗೆ ಇದೆ. 'ನಟ್ ಬಸ್ಟಿಂಗ್' ಎಂದು ಬರೆದದ್ದು ಬಿಚ್ಚುವ ಬಲ, ಬಿಗಿಸುವ ಬಲ ಅದಕ್ಕಿಂತ ಕಡಿಮೆ. ದೊಡ್ಡ ಅಂಕಿಯನ್ನೇ ಪಟ್ಟಿಯ ತಲೆಯ ಮೇಲೆ ಕೂರಿಸಿರುತ್ತಾರೆ.

ಬ್ಯಾಟರಿಗೆ ಬಿಸಿಲು ಆಗದು. ರಾಯಚೂರು, ಕಲಬುರಗಿಯಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ನೆರಳಿನಲ್ಲೇ 40 ಡಿಗ್ರಿ ದಾಟುತ್ತದೆ. ಬಿಸಿಲಿನಲ್ಲಿ ದುಡಿದ ಪ್ಯಾಕನ್ನು ಹಾಗೇ ತಂದು ಚಾರ್ಜಿಗೆ ಹಾಕಿದರೆ ಒಳ್ಳೆಯ ಚಾರ್ಜರು ಕೆಂಪು ದೀಪ ಮಿಟುಕಿಸಿ ಒಲ್ಲೆ ಎನ್ನುತ್ತದೆ, ಕೆಟ್ಟದ್ದು ಸುಮ್ಮನೆ ತುಂಬಿಸಿ ಸೆಲ್ಲಿನ ಆಯುಸ್ಸು ಕಳೆಯುತ್ತದೆ. ಅರ್ಧ ಗಂಟೆ ನೆರಳಿನಲ್ಲಿ ಇಡಬೇಕು. ಕಾರಿನ ಡಿಕ್ಕಿಯಲ್ಲಿ ಇಡಲೇಬಾರದು. ಇನ್ನೊಂದು, ಒಂದು ಕಂಪನಿಯ ಬ್ಯಾಟರಿ ಸಾಮಾನ್ಯವಾಗಿ ಇನ್ನೊಂದರ ಗನ್ನಿಗೆ ಕೂರುವುದಿಲ್ಲ. ಡ್ರಿಲ್ಲು, ಗ್ರೈಂಡರ್ ಈಗಾಗಲೇ ಯಾವ ಮನೆತನದ್ದೋ ಗನ್ನೂ ಅದೇ ಮನೆತನದ್ದು ತನ್ನಿ. ಎರಡು ಪ್ಯಾಕ್ ಇಲ್ಲದೆ ಕೆಲಸ ಸಾಗದು, ಮೂರು-ನಾಲ್ಕು ವರ್ಷಕ್ಕೆ ಪ್ಯಾಕು ಸೊರಗಿದಾಗ ಮತ್ತೆ ಕೊಳ್ಳಬೇಕು, ಆಗ ಆ ಮಾದರಿ ಅಂಗಡಿಯಲ್ಲಿ ಸಿಗಬೇಕು. ಅಮೆರಿಕದಲ್ಲಿರುವ ಮಗನೋ ಅಳಿಯನೋ ತಂದುಕೊಟ್ಟ ಸೆಟ್ಟಾದರೆ ಚಾರ್ಜರಿನ ಬೆನ್ನು ಓದದೆ ಪ್ಲಗ್ ಹಾಕಬೇಡಿ. 120 ವೋಲ್ಟಿಗಷ್ಟೇ ಮಾಡಿದ್ದು ನಮ್ಮ 230ರಲ್ಲಿ ಕ್ಷಣದಲ್ಲಿ ಸುಡುತ್ತದೆ.

ನೆಂಟರ ಹುಡುಗನಿಗೆ ನಾನು ಹೇಳಿದ್ದು ಇಷ್ಟು. ನಿನ್ನದು ಕಾರಿನ ಗ್ಯಾರೇಜು, ಇಬ್ಬರೇ ಕೆಲಸದವರು, ದಿನಕ್ಕೆ ನಾಲ್ಕೈದು ಗಾಡಿ. ಗಾಳಿ ಹಾಕಲು, ಊದಲು ಎರಡು ಎಚ್‌ಪಿ ಕಂಪ್ರೆಸರ್ ಸಾಕು. ಬಿಚ್ಚಲು ಹೆಸರಿರುವ ಕಂಪನಿಯ ಬ್ಯಾಟರಿ ಗನ್ನು, ಎರಡು ಪ್ಯಾಕು. ಮುಂದೆ ಕೆಲಸ ಮೂರು ಪಟ್ಟಾದರೆ ದೊಡ್ಡ ಟ್ಯಾಂಕು, ದಪ್ಪ ಪೈಪು ಹಾಕಿಸಿ ಗಾಳಿಗೆ ಬಾ. ಲಾರಿ, ಬಸ್ಸು ಮುಟ್ಟುವುದಾದರೆ ಮೊದಲ ದಿನದಿಂದಲೇ ಗಾಳಿ. ಮೂರರಲ್ಲಿ ಯಾವುದೇ ಆದರೂ ಸಾಕೆಟ್ ಮಾತ್ರ ಕಪ್ಪನೆಯದು, ಕ್ರೋಮ್ ಮಾಲಿಬ್ಡಿನಂ ಉಕ್ಕಿನದು. ಕೈ ಸ್ಪ್ಯಾನರಿನ ಹೊಳೆಯುವ ಸಾಕೆಟನ್ನು ಗನ್ನಿಗೆ ಹಾಕಿದರೆ ಒಂದು ದಿನ ಅದು ಸಿಡಿದು ಚೂರು ಕಣ್ಣಿಗೆ ಬರುತ್ತದೆ. ಕೆಲಸದ ಹುಡುಗರಿಗೆ ಕಿವಿಗೆ ಪ್ಲಗ್ ಕೊಡು. ಏರ್ ಗನ್ನಿನ ಸದ್ದು 95-100 ಡೆಸಿಬೆಲ್ ಮುಟ್ಟುತ್ತದೆ, ದಿನವಿಡೀ 85ರ ಮೇಲೆ ಕೇಳಿದರೇ ಕಿವಿ ಮಂದವಾಗುತ್ತದೆ. ವರ್ಷಗಟ್ಟಲೆ ನಡುಗುವ ಸಾಧನ ಹಿಡಿದವರ ಬೆರಳುಗಳು ಜೋಮು ಹಿಡಿದು ಬಿಳಿಚಿಕೊಳ್ಳುವ ಕಾಯಿಲೆಯೊಂದಿದೆ. ಯುರೋಪಿನಲ್ಲಿ ಅದಕ್ಕಾಗಿ 2002ರಲ್ಲೇ ಮಿತಿ ಗೊತ್ತುಮಾಡಿದ್ದಾರೆ. ಹದಿನೆಂಟರ ಹುಡುಗನ ಕೈ ನಲವತ್ತರಲ್ಲೂ ಕೆಲಸ ಮಾಡಬೇಕಲ್ಲ.

ಮನೆಯಲ್ಲಿ ಒಂದು ಕಾರು ಇಟ್ಟುಕೊಂಡವರಿಗೆ? ಗನ್ನೇ ಬೇಡ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಎರಡಡಿಯ ಹಿಡಿಯಿರುವ, ಎಳೆದು ಉದ್ದ ಮಾಡುವ ವೀಲ್ ಸ್ಪ್ಯಾನರ್ ಒಂದು ಡಿಕ್ಕಿಯಲ್ಲಿರಲಿ. ಉಳಿದ ಹಣದಲ್ಲಿ ಒಂದು ಟಾರ್ಕ್ ರೆಂಚ್ ತಂದಿಡಿ.

ಯಾಕೆಂದರೆ ಘಾಟಿಯಲ್ಲಿ ನನ್ನನ್ನು ನಿಲ್ಲಿಸಿದ್ದು ಬಿಚ್ಚುವ ಕೆಲಸವಲ್ಲ, ಬಿಗಿಸಿದ ಕೆಲಸ. ಗನ್ನಿಗೆ ತಾನು ಎಷ್ಟು ಬಿಗಿಸುತ್ತಿದ್ದೇನೆಂದು ತಿಳಿಯದು. ಒಂದೇ ಗನ್ನು, ಒಂದೇ ಒತ್ತಡ, ಆದರೂ ತುಕ್ಕು ಹಿಡಿದ ಸ್ಟಡ್ಡಿನಲ್ಲಿ ಒಂದು ಬಿಗಿ, ಎಣ್ಣೆ ತಾಗಿದ ಸ್ಟಡ್ಡಿನಲ್ಲಿ ಇನ್ನೊಂದು. ಬಿಗಿ ಹೆಚ್ಚಾದರೆ ಸ್ಟಡ್ಡು ಹಿಗ್ಗಿ, ಮೊದಲಿನ ಉದ್ದಕ್ಕೆ ಹಿಂದಿರುಗದೆ ದುರ್ಬಲವಾಗುತ್ತದೆ, ಬ್ರೇಕಿನ ಡಿಸ್ಕು ಸೊಟ್ಟಗಾಗಿ ಪೆಡಲ್ ನಡುಗಲು ಶುರುವಾಗುತ್ತದೆ. ಸರಿಯಾದ ಕ್ರಮ ಇದು: ನಟ್ಟನ್ನು ಕೈಯಿಂದಲೇ ಮೂರು-ನಾಲ್ಕು ಸುತ್ತು ತಿರುಗಿಸಿ ಥ್ರೆಡ್ ಕಚ್ಚಿದೆಯೆಂದು ಖಾತ್ರಿ ಮಾಡಿಕೊಳ್ಳಬೇಕು, ಗನ್ನಿನ ಕನಿಷ್ಠ ವೇಗದಲ್ಲಿ ಚಕ್ರ ಕೂರುವಷ್ಟು ಮಾತ್ರ ಎಳೆಯಬೇಕು, ಗಾಡಿಯನ್ನು ಜಾಕಿಯಿಂದ ಇಳಿಸಬೇಕು, ಆಮೇಲೆ ಟಾರ್ಕ್ ರೆಂಚಿನಲ್ಲಿ, ಪಕ್ಕಪಕ್ಕದ್ದಲ್ಲ, ಎದುರುಬದುರಿನ ನಟ್ಟುಗಳನ್ನು ನಕ್ಷತ್ರ ಬಿಡಿಸಿದಂತೆ ಒಂದೊಂದಾಗಿ. ಒಂದು ಚಕ್ರಕ್ಕೆ ಒಂದು ನಿಮಿಷ ಹೆಚ್ಚು ಹಿಡಿಯುತ್ತದೆ, ಅಷ್ಟೆ. ಆ ಒಂದು ನಿಮಿಷವನ್ನು ಗಿರಾಕಿಗಳಾದ ನಾವೇ ಕೇಳಿ ಪಡೆಯಬೇಕು.

ನೆಲ್ಯಾಡಿಯಿಂದ ಮರುದಿನ ನಿಧಾನವಾಗಿ ಉಪ್ಪಿನಂಗಡಿಗೆ ಹೋಗಿ ಹೊಸ ಸ್ಟಡ್ ಹಾಕಿಸಿದೆ. ಸಣ್ಣ ಗ್ಯಾರೇಜು, ಗೋಡೆಗೆ ಒಂದು ಹಳೆಯ ಏರ್ ಗನ್ನು ನೇತುಬಿದ್ದಿತ್ತು. ಮೇಸ್ತ್ರಿ ಅದರಲ್ಲಿ ಬಿಚ್ಚಿದರು. ಹಾಕುವಾಗ ಮಾತ್ರ ಬಟ್ಟೆಯಲ್ಲಿ ಸುತ್ತಿಟ್ಟ ಟಾರ್ಕ್ ರೆಂಚನ್ನು ಪೆಟ್ಟಿಗೆಯಿಂದ ತೆಗೆದು, ಹಿಡಿಯ ಬುಡ ತಿರುಗಿಸಿ 110ಕ್ಕೆ ನಿಲ್ಲಿಸಿದರು. ಐದು ನಟ್ಟು, ಐದು 'ಟಕ್'. ಹಣ ತೆಗೆದುಕೊಳ್ಳುವಾಗ, "ನೂರು ಕಿಲೋಮೀಟರ್ ಓಡಿಸಿ ಬನ್ನಿ ಸಾರ್, ಇನ್ನೊಮ್ಮೆ ನೋಡ್ಬೇಕು, ಹೊಸ ಸ್ಟಡ್ ಅಲ್ವಾ" ಎಂದರು. ಮಂಗಳೂರಿಗೆ ಹೋಗಿ ಬರುವ ದಾರಿಯಲ್ಲಿ ಮತ್ತೆ ಅಲ್ಲಿ ನಿಲ್ಲಿಸಿದೆ. ಹಳೆಯ ನಾಲ್ಕು ನಟ್ಟುಗಳೂ ರೆಂಚ್ ಇಟ್ಟ ಕೂಡಲೇ ಟಕ್ಕೆಂದವು. ಐದನೆಯದು ಸದ್ದು ಮಾಡಲಿಲ್ಲ. ಮೇಸ್ತ್ರಿಯ ತೋಳು ಕೆಳಗಿಳಿಯಿತು, ನಟ್ಟು ಕಾಲು ಸುತ್ತು ತಿರುಗಿತು, ಆಮೇಲೆ ಟಕ್ಕೆಂದಿತು.